ಎರಡು ಬಿಳಿಗಳ ನಡುವೆ

ನಿಮ್ಮ ಮನೆಗೆ ಕಳೆದ ಬಾರಿ ಬಣ್ಣ ಬಳಿಸಿದ ದಿನಗಳನ್ನು ಸ್ವಲ್ಪ ನೆನಪಿಸಿಕೊಳ್ಳಿ. ಯಾವ ಕೋಣೆಗೆ ಯಾವ ಬಣ್ಣವೆಂದು ತೀರ್ಮಾನಿಸಿದವರು ಯಾರು? ತೀರ್ಮಾನಕ್ಕೆ ಎಷ್ಟು ದಿನ ಹಿಡಿಯಿತು? ಆ ದಿನಗಳಲ್ಲಿ ಮನೆಯೊಳಗೆ ಎಂಥ ಮಾತುಗಳು ನಡೆದವು, ಎಂಥ ಮಾತುಗಳು ನಡೆಯದೆ ಉಳಿದವು? ಇವು ನೀತಿಯ ಪ್ರಶ್ನೆಗಳೆಂದು ಮೇಲ್ನೋಟಕ್ಕೆ ತೋರುವುದಿಲ್ಲ. ಗೋಡೆಯ ಬಣ್ಣದಲ್ಲಿ ಪಾಪವೇನು, ಪುಣ್ಯವೇನು ಎಂದು ನೀವು ಕೇಳಬಹುದು. ನಾನೂ ಹಾಗೆಯೇ ಕೇಳುತ್ತಿದ್ದೆ. ಎರಡು ಬಿಳಿಗಳ ನಡುವೆ ಹದಿನೆಂಟು ದಿನ ಸಿಲುಕಿಕೊಂಡ ಮೇಲೆ, ಆ ಪ್ರಶ್ನೆಗೆ ಉತ್ತರ ಅಷ್ಟು ಸುಲಭವಲ್ಲವೆಂದು ನನಗೆ ತಿಳಿಯಿತು.

ಮೈಸೂರಿನಲ್ಲಿರುವ ನಮ್ಮ ಹಳೆಯ ಮನೆಯ ಉತ್ತರ ದಿಕ್ಕಿನ ಕೋಣೆ ನನ್ನ ತಾಯಿಯದು. ಕೆಂಪು ರೆಡ್ ಆಕ್ಸೈಡ್ ನೆಲ, ಒಂದೇ ಕಿಟಕಿ, ಒಂದು ಮಂಚ, ಗೋಡೆಗೆ ಹೊಂದಿಕೊಂಡ ಒಂದು ಬೀರು. ಕ್ರಿಸ್ಮಸ್ ಹಬ್ಬಕ್ಕೆ ಮುನ್ನ ಆ ಕೋಣೆಗೆ ಬಣ್ಣ ಬಳಿಸಬೇಕೆಂದು ನಿಶ್ಚಯಿಸಿದೆವು. ತಿಳಿಬಣ್ಣವೇ ಬೇಕೆಂಬುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಅಂಗಡಿಯವರು ಕೊಟ್ಟ ಶೇಡ್ ಕಾರ್ಡಿನಲ್ಲಿ ಒಂದೊಂದನ್ನೇ ಬದಿಗಿರಿಸುತ್ತ ಬಂದೆವು. ಕೊನೆಗೆ ಎರಡು ಉಳಿದವು. ಒಂದು ಕೆನೆಯ ಛಾಯೆಯ ಬಿಳಿ, ಇನ್ನೊಂದು ಬೂದಿಯ ಛಾಯೆಯ ಬಿಳಿ. ನನ್ನ ಒಲವು ಕೆನೆಯ ಕಡೆಗೆ, ನನ್ನ ಪತ್ನಿಯ ಒಲವು ಬೂದಿಯ ಕಡೆಗೆ. ಎರಡರ ಮಾದರಿ ಡಬ್ಬಿಗಳನ್ನೂ ತಂದು ಗೋಡೆಯ ಮೇಲೆ ಅಕ್ಕಪಕ್ಕದಲ್ಲಿ ಎರಡು ಚೌಕಗಳನ್ನು ಬಳಿದೆವು. ನಮ್ಮ ಕಷ್ಟ ಶುರುವಾದದ್ದು ಅಲ್ಲಿಂದ.

ಬಿಳಿಯೊಳಗಿನ ಬಣ್ಣ

ಬಿಳಿಯೆಂದರೆ ಒಂದೇ ಎಂದು ತಿಳಿದಿದ್ದ ನನಗೆ ಆ ಚೌಕಗಳು ಬೇರೆಯದೇ ಪಾಠ ಹೇಳಿದವು. ಬೆಳಗ್ಗೆ ಎರಡೂ ಬೇರೆ ಬೇರೆಯಾಗಿ ಕಂಡವು. ಸಂಜೆಯ ಮಬ್ಬಿನಲ್ಲಿ ಒಂದೇ ಆದವು. ರಾತ್ರಿ ದೀಪ ಹಾಕಿದಾಗ ಮತ್ತೆ ಬೇರೆಯಾದವು. ಇದಕ್ಕೆ ಕಾರಣಗಳಿಲ್ಲದಿಲ್ಲ. ಗೋಡೆ ತಾನಾಗಿ ಬಣ್ಣವನ್ನು ಹೊಮ್ಮಿಸುವುದಿಲ್ಲ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಒಂದಂಶವನ್ನು ಹಿಂದಿರುಗಿಸುತ್ತದೆ. ಹೀಗೆ ಹಿಂದಿರುಗುವ ಬೆಳಕನ್ನು ಬಣ್ಣದ ತಯಾರಕರು ಸೊನ್ನೆಯಿಂದ 100ರ ವರೆಗಿನ ಅಂಕಗಳಲ್ಲಿ ಅಳೆಯುತ್ತಾರೆ. ಕಡುಗಪ್ಪು ಸೊನ್ನೆಯ ಹತ್ತಿರ, ಅಚ್ಚಬಿಳಿ 100ರ ಹತ್ತಿರ. ನಮ್ಮ ಎರಡು ಬಿಳಿಗಳ ನಡುವೆ ಇದ್ದದ್ದು ಒಂದೆರಡು ಅಂಕಗಳ ಅಂತರ ಮಾತ್ರ.

ಡಿಸೆಂಬರ್ ತಿಂಗಳಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳದು. ಆಕಾಶದಿಂದ ಚೆದುರಿ ಬರುವ, ನೀಲಿಯ ಕಡೆಗೆ ವಾಲಿದ ಬೆಳಕಷ್ಟೇ ಒಳಗೆ ಬರುತ್ತದೆ. ಜೂನ್ ತಿಂಗಳಲ್ಲಿ ಸೂರ್ಯ ಮೈಸೂರಿನ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಾಗ, ಮೋಡವಿಲ್ಲದ ದಿನ ಅದೇ ಕಿಟಕಿಯಲ್ಲಿ ಬಿಸಿಲು ಇಣುಕುತ್ತದೆ. ಕೆಂಪು ನೆಲದಿಂದ ಮೇಲೇಳುವ ಬೆಳಕು ಗೋಡೆಯ ಕೆಳಭಾಗಕ್ಕೆ ಒಂದು ಕೆಂಬಣ್ಣದ ಲೇಪ ಕೊಡುತ್ತದೆ. ಇನ್ನು ದೀಪದ ಮಾತು. 2700 ಕೆಲ್ವಿನ್ ಎಂದು ಬರೆದಿರುವ ಎಲ್‌ಇಡಿ ಬಲ್ಬು ಹಳದಿಯ ಕಡೆಗೆ ವಾಲಿದ್ದರೆ, 6500 ಕೆಲ್ವಿನ್‌ನದು ನೀಲಿಯ ಕಡೆಗೆ ವಾಲಿರುತ್ತದೆ. ಒಂದು ದೀಪದಡಿ ಒಂದೇ ಆಗಿ ಕಾಣುವ ಎರಡು ಬಣ್ಣಗಳು ಇನ್ನೊಂದು ದೀಪದಡಿ ಬೇರೆಯಾಗಿ ಕಾಣುವುದೂ ಉಂಟು.

ನಮ್ಮ ಹಿರಿಯರಿಗೆ ಇದೆಲ್ಲ ತಿಳಿಯದೆ ಇರಲಿಲ್ಲ. ಸುಣ್ಣ ಬಳಿಯುವಾಗ ಅದಕ್ಕೆ ಚಿಟಿಕೆ ನೀಲಿ ಬೆರೆಸುತ್ತಿದ್ದುದು ನೆನಪಿದೆಯೇ? ಸುಣ್ಣದ ಹಳದಿಯ ಸುಳಿವನ್ನು ಆ ನೀಲಿ ಮರೆಸುತ್ತಿತ್ತು. ಗೋಡೆ ಇನ್ನಷ್ಟು ಬೆಳ್ಳಗೆ ಕಾಣುತ್ತಿತ್ತು. ಆದರೆ ಅವರಿಗೆ ಎರಡು ಬಿಳಿಗಳ ನಡುವೆ ಆರಿಸುವ ತಾಪತ್ರಯವಿರಲಿಲ್ಲ. ಇದ್ದದ್ದು ಒಂದೇ ಸುಣ್ಣ, ಒಂದೇ ನೀಲಿ.

ಆದ್ದರಿಂದ ಮೊದಲು ಒಂದು ಮಾತನ್ನು ಒಪ್ಪಿಕೊಳ್ಳೋಣ. ಸಣ್ಣ ವ್ಯತ್ಯಾಸವೂ ವ್ಯತ್ಯಾಸವೇ. ‘ಎರಡೂ ಒಂದೇ, ಯಾವುದಾದರೂ ಬಳಿಯಿರಿ’ ಎಂದು ಉದಾಸೀನದಿಂದ ಹೇಳುವವನು ಜ್ಞಾನಿಯೆಂದು ಭಾವಿಸಬೇಕಾಗಿಲ್ಲ. ಅವನು ನೋಡಲು ಮನಸ್ಸು ಮಾಡದವನೂ ಆಗಿರಬಹುದು.

ಕತ್ತೆ, ಖರ್ಜೂರ ಮತ್ತು ಎಲೆ

ಸರಿಸಮಾನವಾದ ಎರಡು ವಸ್ತುಗಳ ಮುಂದೆ ಮನುಷ್ಯ ಏನು ಮಾಡುತ್ತಾನೆ? ಇದು ದಾರ್ಶನಿಕರನ್ನು ಬಹುಕಾಲ ಕಾಡಿದ ಪ್ರಶ್ನೆ. ಒಂದೇ ಅಳತೆಯ, ಒಂದೇ ದೂರದ ಎರಡು ಹುಲ್ಲಿನ ರಾಶಿಗಳ ನಡುವೆ ನಿಂತ ಕತ್ತೆ, ಯಾವುದನ್ನೂ ಆರಿಸಲಾರದೆ ಹಸಿವಿನಿಂದ ಸತ್ತಿತೆಂಬ ದೃಷ್ಟಾಂತವನ್ನು ನೀವು ಕೇಳಿರಬಹುದು. 14ನೇ ಶತಮಾನದಲ್ಲಿ ಪ್ಯಾರಿಸ್ಸಿನಲ್ಲಿ ಬೋಧಿಸುತ್ತಿದ್ದ ಜಾನ್ ಬುರಿಡನ್‌ನ ಹೆಸರು ಆ ಕತ್ತೆಗೆ ಅಂಟಿಕೊಂಡಿದೆ. ವಿಚಿತ್ರವೆಂದರೆ ಅವನ ಬರಹಗಳಲ್ಲಿ ಆ ಕತ್ತೆ ಎಲ್ಲೂ ಸಿಗುವುದಿಲ್ಲ.

ಬುರಿಡನ್‌ಗಿಂತ ಬಹಳ ಮೊದಲೇ, 11ನೇ ಶತಮಾನದ ಕೊನೆಯಲ್ಲಿ, ಪರ್ಷಿಯಾದ ಚಿಂತಕ ಅಲ್-ಗಜಾಲಿ ಇದೇ ಪ್ರಶ್ನೆಯನ್ನು ಎರಡು ಖರ್ಜೂರಗಳ ಮೂಲಕ ಎತ್ತಿದ್ದ. ಹಸಿದವನ ಮುಂದೆ ಎಲ್ಲ ವಿಧದಲ್ಲೂ ಸಮಾನವಾದ ಎರಡು ಖರ್ಜೂರಗಳಿವೆ. ಅವನು ಒಂದನ್ನು ಮಾತ್ರ ತೆಗೆದುಕೊಳ್ಳಬಹುದು. ಅವನು ಸುಮ್ಮನೆ ನಿಲ್ಲುವನೇ? ಇಲ್ಲ, ಒಂದನ್ನು ಎತ್ತಿಕೊಳ್ಳುತ್ತಾನೆ. ಸಮಾನವಾದವುಗಳಲ್ಲಿ ಒಂದನ್ನು ಬೇರ್ಪಡಿಸಿ ಹಿಡಿಯುವ ಶಕ್ತಿಯೇ ಇಚ್ಛೆ ಎಂಬುದು ಗಜಾಲಿಯ ವಾದ. 13ನೇ ಶತಮಾನದ ಸಂತ ಥಾಮಸ್ ಅಕ್ವಿನಾಸರು ತಮ್ಮ ‘ಸುಮ್ಮಾ ಥಿಯೊಲೊಜಿಯೇ’ ಗ್ರಂಥದಲ್ಲಿ ಇದೇ ಆಕ್ಷೇಪವನ್ನು ಎದುರಿಸಿ ಬೇರೊಂದು ದಾರಿ ತೋರಿದರು. ಒಂದು ದೃಷ್ಟಿಯಿಂದ ಸಮಾನವಾದ ಎರಡರಲ್ಲಿ, ಇನ್ನೊಂದು ದೃಷ್ಟಿಯಿಂದ ಯಾವುದಾದರೂ ಹೆಚ್ಚಿನದನ್ನು ಕಂಡು ಅದರ ಕಡೆಗೆ ವಾಲಲು ಮನುಷ್ಯನಿಗೆ ಅಡ್ಡಿಯಿಲ್ಲ ಎಂದರು. ಜರ್ಮನಿಯ ಲೈಬ್ನಿಟ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಸರಿಸಮಾನವಾದ ಎರಡು ವಸ್ತುಗಳು ಜಗತ್ತಿನಲ್ಲೇ ಇಲ್ಲ ಎಂದ. ಹೆರನ್‌ಹೌಸೆನ್ ಉದ್ಯಾನದಲ್ಲಿ ತನ್ನ ಗೆಳೆಯನೊಬ್ಬ ಒಂದೇ ತೆರನಾದ ಎರಡು ಎಲೆಗಳನ್ನು ಹುಡುಕಲು ಹೊರಟು, ಎಷ್ಟು ಅಲೆದರೂ ಸಿಗದೆ ಹಿಂದಿರುಗಿದನೆಂದು 1716ರಲ್ಲಿ ಬರೆದ ಪತ್ರವೊಂದರಲ್ಲಿ ಅವನು ಹೇಳಿಕೊಂಡಿದ್ದಾನೆ.

ಈ ಮೂವರ ಮಾತನ್ನೂ ನಮ್ಮ ಗೋಡೆಯ ಮುಂದೆ ತಂದು ನೋಡಿದರೆ ಒಂದು ಸತ್ಯ ಹೊಳೆಯುತ್ತದೆ. ನಮ್ಮ ಕಷ್ಟ ಕತ್ತೆಯ ಕಷ್ಟವಾಗಿರಲಿಲ್ಲ. ಕತ್ತೆಗೆ ವ್ಯತ್ಯಾಸವೇ ಕಾಣಲಿಲ್ಲ. ನಮಗಾದರೋ ಅದು ಅಗತ್ಯಕ್ಕಿಂತ ಹೆಚ್ಚು ಕಾಣುತ್ತಿತ್ತು.

ಅಕ್ಕಪಕ್ಕದ ಭ್ರಮೆ

ಏಕೆ ಹೆಚ್ಚು ಕಾಣುತ್ತಿತ್ತು? ಇದಕ್ಕೆ ಉತ್ತರ ಫ್ರಾನ್ಸಿನ ರಸಾಯನಶಾಸ್ತ್ರಜ್ಞ ಮಿಷೆಲ್ ಶೆವ್ರಲ್‌ನ ಬಳಿ ಇದೆ. ಪ್ಯಾರಿಸ್ಸಿನ ಗೊಬಲಾಂ ನೇಯ್ಗೆಶಾಲೆಯಲ್ಲಿ ಬಣ್ಣಗಾರಿಕೆಯ ಮೇಲ್ವಿಚಾರಕನಾಗಿದ್ದ ಅವನ ಬಳಿಗೆ ಒಂದು ದೂರು ಬಂತು. ಕಪ್ಪು ನೂಲಿನ ಬಣ್ಣ ಸಾಲದು, ನೇಯ್ದಾಗ ಕಳೆಗುಂದುತ್ತದೆ ಎಂದು. ಪರೀಕ್ಷಿಸಿದಾಗ ಬಣ್ಣದಲ್ಲಿ ದೋಷವಿರಲಿಲ್ಲ. ದೋಷವಿದ್ದದ್ದು ಪಕ್ಕದ ನೂಲಿನ ಪ್ರಭಾವದಲ್ಲಿ. ಎರಡು ಬಣ್ಣಗಳು ಅಕ್ಕಪಕ್ಕ ಕುಳಿತಾಗ ನಮ್ಮ ಕಣ್ಣು ಅವುಗಳ ಅಂತರವನ್ನು ಹಿಗ್ಗಿಸಿ ತೋರಿಸುತ್ತದೆ ಎಂಬುದನ್ನು ಅವನು 1839ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿವರಿಸಿದ. ಕೆನೆಬಿಳಿಯ ಪಕ್ಕದಲ್ಲಿ ಬೂದುಬಿಳಿ ಇನ್ನಷ್ಟು ಬೂದಿ. ಬೂದುಬಿಳಿಯ ಪಕ್ಕದಲ್ಲಿ ಕೆನೆಬಿಳಿ ಇನ್ನಷ್ಟು ಹಳದಿ.

ಓದುಗರೇ, ಇಲ್ಲಿ ಸ್ವಲ್ಪ ನಿಂತು ಯೋಚಿಸಿ. ನಾವು ಬಣ್ಣಗಳನ್ನು ಅಕ್ಕಪಕ್ಕ ಇಟ್ಟು ಆರಿಸುತ್ತೇವೆ. ಆದರೆ ಆರಿಸಿದ ಮೇಲೆ ಅವುಗಳಲ್ಲಿ ಒಂದರೊಡನೆ ಮಾತ್ರ ಬಾಳುತ್ತೇವೆ. ಗೋಡೆ ತುಂಬ ಒಂದೇ ಬಣ್ಣ ಬಳಿದ ಮೇಲೆ, ಕೈಬಿಟ್ಟ ಇನ್ನೊಂದು ಬಣ್ಣ ಅಲ್ಲಿರುವುದಿಲ್ಲ. ಹೋಲಿಸಿ ನೋಡಲು ಏನೂ ಇರುವುದಿಲ್ಲ. ನಮ್ಮನ್ನು ಹದಿನೆಂಟು ದಿನ ಹಿಂಸಿಸಿದ ಅಂತರ ಗೋಡೆಗೆ ಸೇರಿದ್ದಲ್ಲ, ಹೋಲಿಕೆಗೆ ಸೇರಿದ್ದು. ಬಣ್ಣದ ಮಾತು ಹಾಗಿರಲಿ. ಮಕ್ಕಳಿಗೆ ಎರಡು ಶಾಲೆಗಳು, ಮಗಳಿಗೆ ಬಂದ ಎರಡು ಸಂಬಂಧಗಳು, ಮಗನಿಗೆ ದೊರೆತ ಎರಡು ಕೆಲಸಗಳು, ಇವುಗಳ ಮುಂದೆಯೂ ನಾವು ಹೀಗೆಯೇ ನಿಲ್ಲುವುದಿಲ್ಲವೇ? ಎರಡೂ ಒಳ್ಳೆಯವೆಂದು ಗೊತ್ತಿದ್ದರೂ, ಒಂದರ ಪಕ್ಕದಲ್ಲಿ ಇನ್ನೊಂದನ್ನಿಟ್ಟು, ಇಲ್ಲದ ದೋಷವನ್ನು ಎರಡರಲ್ಲೂ ಕಂಡು ನಿದ್ದೆಗೆಡುತ್ತೇವೆ. ಆರಿಸಿದ ಮೇಲೂ ಬಿಟ್ಟದ್ದನ್ನು ಮನಸ್ಸಿನಲ್ಲಿ ಪಕ್ಕಕ್ಕೇ ಇಟ್ಟುಕೊಂಡು ಕೈಯಲ್ಲಿರುವುದನ್ನು ಕಳೆಗುಂದಿಸುತ್ತೇವೆ.

ಅಮೆರಿಕದ ಹರ್ಬರ್ಟ್ ಸೈಮನ್ ಎಂಬ ವಿದ್ವಾಂಸರು 1956ರಲ್ಲಿ ಬರೆದ ಪ್ರಬಂಧವೊಂದರಲ್ಲಿ, ಜೀವಿಗಳು ಅತ್ಯುತ್ತಮವಾದುದನ್ನೇ ಹುಡುಕುತ್ತ ಹೋಗುವುದಿಲ್ಲ, ‘ಸಾಕಷ್ಟು ಒಳ್ಳೆಯದು’ ಸಿಕ್ಕಾಗ ಹುಡುಕಾಟ ನಿಲ್ಲಿಸುತ್ತವೆ ಎಂದು ತೋರಿಸಿಕೊಟ್ಟರು. 1978ರಲ್ಲಿ ಅವರಿಗೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ದೊರೆಯಿತು. ಹುಡುಕಾಟಕ್ಕೂ ಒಂದು ಬೆಲೆಯಿದೆ ಎಂಬುದು ಅವರ ವಿಚಾರದ ತಿರುಳು. ನಮ್ಮ ಮನೆಯಲ್ಲಿ ಆ ಬೆಲೆ ತೆತ್ತವರು ಯಾರು ಎಂಬುದು ನನಗೆ ತಡವಾಗಿ ತಿಳಿಯಿತು.

ತೆತ್ತವರು ಯಾರು?

ಬಣ್ಣದ ಮೇಸ್ತ್ರಿ ಮೂರು ಬಾರಿ ಬಂದರು, ಮೂರು ಬಾರಿಯೂ ಹಿಂದಿರುಗಿದರು. ಮೊದಲ ಸಲ ‘ನಾಳೆ ಬನ್ನಿ’ ಎಂದೆವು. ಎರಡನೆಯ ಸಲ ‘ಭಾನುವಾರ ಕಳೆಯಲಿ’ ಎಂದೆವು. ಮೂರನೆಯ ಸಲ ಅವರು ಬಾಗಿಲಲ್ಲೇ ನಿಂತು, “ಸಾರ್, ನೀವು ಯಾವ್ದು ಹೇಳಿದ್ರೂ ಬಳೀತೀನಿ. ಇವತ್ತು ಇಲ್ಲಿಗೆ ಬರ್ತೀನಿ ಅಂತ ಇನ್ನೊಂದ್ ಕೆಲ್ಸ ಬಿಟ್ಟು ಬಂದೆ” ಎಂದರು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವೆನಿಸುತ್ತಿತ್ತೇನೋ. ದಿನಗೂಲಿಯವರಿಗೆ ನಮ್ಮ ಅನಿಶ್ಚಯವೆಂದರೆ ಒಲೆ ಹೊತ್ತದ ಒಂದು ಹೊತ್ತು. ನಾವು ಎರಡು ಬಿಳಿಗಳ ಸೂಕ್ಷ್ಮ ನೋಡುತ್ತಿದ್ದಾಗ, ನಮ್ಮ ಕಣ್ಣಿಗೆ ಬೀಳದೆ ಹೋದದ್ದು ಆ ಮನುಷ್ಯರ ಮೂರು ದಿನಗಳು. ಕೊನೆಗೆ ಆ ಮೂರು ದಿನಗಳ ಕೂಲಿಯನ್ನೂ ಸೇರಿಸಿ ಕೊಟ್ಟಾಗ ಅವರು ಹಿಂಜರಿದು ತೆಗೆದುಕೊಂಡರು. ಅದು ಔದಾರ್ಯವಾಗಿರಲಿಲ್ಲ; ತೀರಿಸಬೇಕಾಗಿದ್ದ ಸಾಲವಾಗಿತ್ತು.

ಇನ್ನೊಂದು ಮಾತು. ಛಾಯೆಯ ಬಗ್ಗೆ ಅಷ್ಟು ದಿನ ಚರ್ಚಿಸಿದ ನಾವು, ಕಿಟಕಿಯ ಹಳೆಯ ಎನಾಮಲ್ ಬಣ್ಣವನ್ನು ಉಪ್ಪುಕಾಗದದಿಂದ ಉಜ್ಜುವಾಗ ಏಳುವ ಧೂಳಿನ ಬಗ್ಗೆ ಎರಡು ನಿಮಿಷವೂ ಯೋಚಿಸಿರಲಿಲ್ಲ. ಹಳೆಯ ಬಣ್ಣಗಳಲ್ಲಿ ಸೀಸ ಇರಬಹುದು. ಅದರ ಧೂಳು ದೊಡ್ಡವರಿಗೂ ಕೇಡು, ಮಕ್ಕಳ ಮೆದುಳಿಗಂತೂ ಬಹಳ ಕೇಡು. ಮನೆಬಣ್ಣಗಳಲ್ಲಿ ಸೀಸದ ಪ್ರಮಾಣ ಹತ್ತು ಲಕ್ಷಕ್ಕೆ 90 ಭಾಗ ಮೀರಕೂಡದೆಂದು ನಮ್ಮ ದೇಶದಲ್ಲಿ ನಿಯಮ ಬಂದದ್ದು 2016ರಲ್ಲಿ. ಅದು ಜಾರಿಯಾದದ್ದು 2017ರ ನವೆಂಬರ್ 1ರಂದು. ಅದಕ್ಕೂ ಮೊದಲಿನ ಬಣ್ಣವನ್ನು ಒಣಗಿದಂತೆಯೇ ಉಜ್ಜದೆ ಒದ್ದೆ ಮಾಡಿ ಉಜ್ಜಬೇಕು. ಉಜ್ಜುವವರ ಮೂಗು ಬಾಯಿಗೆ ಒಳ್ಳೆಯ ಮಾಸ್ಕ್ ಇರಬೇಕು, ಮಕ್ಕಳನ್ನು ಆಚೆ ಇಡಬೇಕು. ಇದೂ ಒಂದು ಆಯ್ಕೆಯೇ. ಇದರಲ್ಲಿ ಸರಿ ತಪ್ಪುಗಳ ಅಂತರ ಒಂದೆರಡು ಅಂಕಗಳದ್ದಲ್ಲ. ಆದರೆ ಇದು ಚೌಕಗಳಾಗಿ ಗೋಡೆಯ ಮೇಲೆ ಕಾಣುವುದಿಲ್ಲವಾದ್ದರಿಂದ ನಮ್ಮ ಗಮನಕ್ಕೆ ಬಂದಿರಲಿಲ್ಲ.

‘ನಿಮ್ಮಿಷ್ಟ’ ಎಂಬ ಮಾತು

ಹದಿನಾಲ್ಕನೆಯ ದಿನ ನನ್ನ ಪತ್ನಿ, “ಹೋಗಲಿ ಬಿಡಿ, ನಿಮ್ಮಿಷ್ಟದ್ದೇ ಬಳಿಸಿ” ಎಂದಳು. ನನಗೆ ಗೆದ್ದಂತೆ ಅನಿಸಬೇಕಿತ್ತು, ಅನಿಸಲಿಲ್ಲ. ಒಪ್ಪಿಗೆಗೂ ಸೋತು ಸುಮ್ಮನಾಗುವುದಕ್ಕೂ ಇರುವ ಅಂತರ, ಕೆನೆಗೂ ಬೂದಿಗೂ ಇರುವ ಅಂತರಕ್ಕಿಂತ ದೊಡ್ಡದು. ಯೋಚಿಸಿ ನೋಡಿದರೆ, ಮದುವೆಯಾದಂದಿನಿಂದ ಈ ಮನೆಯ ಪ್ರತಿಯೊಂದು ಕೋಣೆಯ ಬಣ್ಣವನ್ನೂ ಆರಿಸಿದವನು ನಾನೇ. ಆಗೆಲ್ಲ ಅವಳು ‘ಯಾವುದಾದರೂ ಸರಿ’ ಎಂದಿದ್ದಳು. ಈ ಬಾರಿ ಮೊದಲ ಸಲ ತನಗೂ ಒಂದು ಒಲವಿದೆ ಎಂದು ಬಾಯಿಬಿಟ್ಟು ಹೇಳಿದ್ದಳು. ನಾನು ಅದಕ್ಕೆ ಉತ್ತರವಾಗಿ ಬೆಳಕಿನ ಅಂಕಗಳನ್ನು ಹೇಳುತ್ತಿದ್ದೆ.

ಸಂಸಾರದಲ್ಲಿ ಸಣ್ಣ ಸಂಗತಿಗಳ ಜಗಳಗಳು ಅನೇಕ ವೇಳೆ ಸಣ್ಣ ಸಂಗತಿಗಳ ಬಗ್ಗೆ ಇರುವುದಿಲ್ಲ. ನನ್ನ ಮಾತಿಗೂ ಇಲ್ಲಿ ಬೆಲೆಯಿದೆಯೇ ಎಂಬ ಪ್ರಶ್ನೆ ಬಣ್ಣದ ವೇಷ ಹಾಕಿಕೊಂಡು ಬರುತ್ತದೆ. ಎರಡೂ ಬಿಳಿಗಳು ಸಾಕಷ್ಟು ಒಳ್ಳೆಯವಾಗಿದ್ದರೆ, ಅವುಗಳ ನಡುವೆ ತೂಕ ಮಾಡಬೇಕಾದದ್ದು ಬಿಳಿಗಳನ್ನಲ್ಲ. ಅಕ್ವಿನಾಸರು ಹೇಳಿದ ‘ಇನ್ನೊಂದು ದೃಷ್ಟಿ’ ನನಗೆ ಅಲ್ಲಿ ದೊರೆಯಿತು. ಬೂದುಬಿಳಿಯಲ್ಲಿ ಇದ್ದ ಹೆಚ್ಚಿನ ಗುಣವೆಂದರೆ, ಅದು ಅವಳು ಬಯಸಿದ್ದು.

ತಾಯಿಯ ಎರಡು ಕಣ್ಣು

ಇಷ್ಟು ಹೊತ್ತಿಗೆ ನಿಮಗೊಂದು ಸಂದೇಹ ಬಂದಿರಬೇಕು. ಕೋಣೆ ಯಾರದು? ಅವರನ್ನು ಕೇಳಿದಿರಾ? ನಾಚಿಕೆಯಿಂದ ಹೇಳುತ್ತೇನೆ, ಕೇಳಿರಲಿಲ್ಲ. ಹದಿನೇಳು ದಿನ ನಾವಿಬ್ಬರೂ ಅವರ ಮಂಚದ ಪಕ್ಕದಲ್ಲಿ ನಿಂತೇ ವಾದಿಸಿದ್ದೆವು. ಹದಿನೆಂಟನೆಯ ದಿನ ಕೇಳಿದೆವು.

ನನ್ನ ತಾಯಿಗೆ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಬಲಗಣ್ಣಿಗೆ ಶಸ್ತ್ರಚಿಕಿತ್ಸೆಯಾಗಿತ್ತು, ಎಡಗಣ್ಣಿಗೆ ಇನ್ನೂ ಆಗಬೇಕಿತ್ತು. ಅವರು ಒಂದು ಕಣ್ಣನ್ನು ಅಂಗೈಯಿಂದ ಮುಚ್ಚಿ ನೋಡಿದರು, ಇನ್ನೊಂದನ್ನು ಮುಚ್ಚಿ ನೋಡಿದರು, ನಕ್ಕರು. “ಈ ಕಣ್ಣಿಗೆ ಎರಡು ಬಣ್ಣ ಕಾಣುತ್ತೆ. ಈ ಕಣ್ಣಿಗೆ ಎರಡೂ ಒಂದೇ, ಹಳೇ ಬೆಣ್ಣೆ ಥರ” ಎಂದರು. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಯಾಗುತ್ತದೆ, ಬೆಳಕಿನ ನೀಲಿ ಅಂಶವನ್ನು ತಡೆಯುತ್ತದೆ. ಕೆನೆಗೂ ಬೂದಿಗೂ ಇರುವ ಭೇದ ಅಲ್ಲಿಯೇ ಕರಗಿಹೋಗುತ್ತದೆ. ಫ್ರಾನ್ಸಿನ ಹೆಸರಾಂತ ಚಿತ್ರಕಾರ ಕ್ಲಾದ್ ಮೋನೆ ಕೂಡ ಇದೇ ಪೊರೆಯಿಂದ ವರ್ಷಗಟ್ಟಲೆ ಬಣ್ಣಗಳ ಭೇದ ಕಾಣದೆ ತೊಳಲಿ, 1923ರಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡಿದ್ದ.

ಆಮೇಲೆ ಅಮ್ಮ ಹೇಳಿದ ಮಾತು ನನ್ನ ಮನಸ್ಸಿನಿಂದ ಮಾಸಿಲ್ಲ. “ಅಲ್ಲಪ್ಪಾ, ಯಾವ್ದಾದ್ರೂ ಬಳೀರಿ. ಆದ್ರೆ ಬಾಗಿಲ ಚೌಕಟ್ಟಿಗೂ ಬಿಳೀನೇ ಬಳೀತೀರಂತಲ್ಲ, ಅದು ಬೇಡ. ರಾತ್ರಿ ಎದ್ದಾಗ ಗೋಡೆ ಯಾವ್ದು, ಬಾಗಿಲು ಯಾವ್ದು ಅಂತ ಗೊತ್ತಾಗಲ್ಲ. ಸ್ವಿಚ್ಚೂ ಕೈಗೆ ಸಿಗಲ್ಲ. ಹೋದ ತಿಂಗಳು ಭುಜ ತಗಲಿಸಿಕೊಂಡೆ.”

ಹೋದ ತಿಂಗಳು! ಅದನ್ನು ಅವರು ನಮಗೆ ಹೇಳಿರಲಿಲ್ಲ, ನಾವೂ ಕೇಳಿರಲಿಲ್ಲ. ಅಚ್ಚುಕಟ್ಟಾಗಿ ಕಾಣಲೆಂದು ಚೌಕಟ್ಟು, ಕದ, ಸ್ವಿಚ್ಚಿನ ಹಲಗೆ ಎಲ್ಲವನ್ನೂ ಗೋಡೆಯ ಬಣ್ಣಕ್ಕೇ ಹೊಂದಿಸಬೇಕೆಂಬುದರಲ್ಲಿ ನಾನೂ ನನ್ನ ಪತ್ನಿಯೂ ಸಂಪೂರ್ಣ ಒಮ್ಮತದಿಂದಿದ್ದೆವು. ನಾವು ಜಗಳವಾಡಿದ ವಿಷಯದಲ್ಲಿ ಇಬ್ಬರೂ ಸರಿಯಾಗಿದ್ದೆವು. ಜಗಳವಾಡದೆ ಒಪ್ಪಿಕೊಂಡ ವಿಷಯದಲ್ಲಿ ಇಬ್ಬರೂ ತಪ್ಪಿದ್ದೆವು. ಮಬ್ಬುಗಣ್ಣಿಗೆ ಬೇಕಾದದ್ದು ಬಿಳಿಯೊಡನೆ ಬಿಳಿಯ ಹೊಂದಾಣಿಕೆಯಲ್ಲ, ಬಿಳಿಯ ಪಕ್ಕದಲ್ಲಿ ಎದ್ದು ಕಾಣುವ ಕಪ್ಪು ಕಂದುಗಳ ಗೆರೆ. ಇದೊಂದನ್ನು ಅರಿಯದೆ ಹೋಗಿದ್ದರೆ, ಆ ಸುಂದರವಾದ ಕೋಣೆಯಲ್ಲಿ ಒಂದು ರಾತ್ರಿ ಅವರು ಬಿದ್ದು ಸೊಂಟ ಮುರಿದುಕೊಳ್ಳುವ ಸಾಧ್ಯತೆಯಿತ್ತು.

ಮರುದಿನವೇ ಮೇಸ್ತ್ರಿಯನ್ನು ಕರೆಸಿದೆವು. ಗೋಡೆಗೆ ಬೂದುಬಿಳಿ ಎರಡು ಕೋಟು, ಚೌಕಟ್ಟಿಗೆ ಕಡುಗಂದು, ಸ್ವಿಚ್ಚಿನ ಹಲಗೆಯ ಸುತ್ತ ಎರಡು ಬೆರಳಗಲದ ಅದೇ ಕಂದು ಪಟ್ಟಿ. ಹಬ್ಬಕ್ಕೆ ಬಂದ ನನ್ನ ಭಾವಮೈದುನ ಕೋಣೆಯನ್ನು ನೋಡಿ, “ಈ ಕೆನೆಬಣ್ಣ ಚೆನ್ನಾಗಿ ಒಪ್ಪಿದೆ ಭಾವ” ಎಂದ. ಕೆಂಪು ನೆಲದ ಬೆಳಕು, ಹಳದಿ ದೀಪ ಎರಡೂ ಸೇರಿ ಬೂದಿಯನ್ನು ಕೆನೆ ಮಾಡಿದ್ದವು. ನಾನೂ ನನ್ನ ಪತ್ನಿಯೂ ಮುಖ ಮುಖ ನೋಡಿಕೊಂಡು ನಕ್ಕೆವು.

ಪ್ರಿಯ ಓದುಗರೇ, ಈ ಅನುಭವದಿಂದ ನಾನು ಕಲಿತದ್ದು ಸಣ್ಣ ಆಯ್ಕೆಗಳನ್ನು ತಾತ್ಸಾರ ಮಾಡಬೇಕೆಂದಲ್ಲ. ಮಾದರಿ ಬಳಿಯಿರಿ, ಬೆಳಗ್ಗೆ, ಸಂಜೆ, ರಾತ್ರಿ ದೀಪದಲ್ಲಿ ನೋಡಿ, ಸಾಧ್ಯವಾದರೆ ಎರಡನ್ನೂ ಎರಡು ಬೇರೆ ಗೋಡೆಗಳ ಮೇಲೆ ಬಳಿದು ನೋಡಿ. ಎರಡು ಮೂರು ದಿನ ಸಾಕು. ಅಷ್ಟಾದ ಮೇಲೂ ಎರಡೂ ಒಳ್ಳೆಯವೆಂದು ಕಂಡರೆ, ನಿಮ್ಮ ಕೆಲಸ ಮುಗಿದಿದೆಯೆಂದು ತಿಳಿಯಿರಿ. ಆಮೇಲೂ ಉಳಿಯುವ ತೊಳಲಾಟ ಬಣ್ಣದ್ದಲ್ಲ. ತಪ್ಪಬಾರದೆಂಬ ನಮ್ಮ ಭಯದ್ದು ಅಥವಾ ಸೋಲಬಾರದೆಂಬ ನಮ್ಮ ಹಟದ್ದು. ಅಂಥ ಹೊತ್ತಿನಲ್ಲಿ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿ. ನಮ್ಮ ತಡದ ಬೆಲೆಯನ್ನು ಯಾರು ತೆರುತ್ತಿದ್ದಾರೆ? ಇಷ್ಟು ದಿನ ಯಾರ ಒಲವಿಗೆ ಈ ಮನೆಯಲ್ಲಿ ಸ್ಥಾನ ಸಿಕ್ಕಿಲ್ಲ? ಈ ಕೋಣೆಯಲ್ಲಿ ರಾತ್ರಿ ಎದ್ದು ನಡೆಯಬೇಕಾದವರು ಯಾರು?

ಈ ವರ್ಷ ನಿಮ್ಮ ಮನೆಗೆ ಸುಣ್ಣಬಣ್ಣವಾಗುವುದಿದ್ದರೆ, ಶೇಡ್ ಕಾರ್ಡನ್ನು ಬಿಚ್ಚುವ ಮೊದಲು ಆ ಕೋಣೆಯಲ್ಲಿ ಮಲಗುವವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿ. ಅವರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಎಂದು ಕೇಳಿ ತಿಳಿಯಿರಿ. ಬಣ್ಣದ ಮಾತು ಆಮೇಲೆ ಇರಲಿ.